ನೋಡಬ್ಯಾಡ, ಕಂಡದ್ದಕ್ಕ ಒತ್ತು

ಗ್ಲಾಕೋಮಾ ಎಂಬ ಪದವನ್ನು ನನ್ನ ಅತ್ತೆ ಇವತ್ತಿಗೂ ಬಾಯಿಗೆ ತರುವುದಿಲ್ಲ. ಅವಳ ಪಾಲಿಗೆ ಅದು ಕಣ್ಣಿನ ಬಿ.ಪಿ. ಯಾರಾದರೂ ಕೇಳಿದರೆ, "ಮೈಯಾಗಿಂದು ಬರೋಬರ್ ಅದ, ಕಣ್ಣಾಗಿಂದು ಜರಾ ಏರ್ಯದ" ಎನ್ನುತ್ತಾಳೆ. ಇದರಲ್ಲಿ ದೊಡ್ಡ ತಪ್ಪೇನೂ ಇಲ್ಲವಾದ್ದರಿಂದ ನಾನು ತಿದ್ದಲು ಹೋಗಿಲ್ಲ. ಕಣ್ಣಿನೊಳಗೆ ಊರುವ ನೀರು ಹರಿದುಹೋಗುವ ದಾರಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರುತ್ತದೆ. ಏರಿದ ಒತ್ತಡ ನರವನ್ನು ವರ್ಷಗಟ್ಟಲೆ ಮೆಲ್ಲಗೆ ತಿನ್ನುತ್ತದೆ, ದೃಷ್ಟಿ ಅಂಚಿನಿಂದ ಸವೆಯುತ್ತ ಬರುತ್ತದೆ. ನೋವಿರುವುದಿಲ್ಲ, ಆದ್ದರಿಂದ ಗೊತ್ತಾಗುವುದೂ ಇಲ್ಲ. ಹೋದದ್ದು ಮರಳಿ ಬರುವುದಿಲ್ಲ. ಹೊಸ ಕನ್ನಡಕ ಮಾಡಿಸಲೆಂದು ಹೋದಾಗ ಅತ್ತೆಯ ಕಣ್ಣಲ್ಲಿ ಇದು ಸಿಕ್ಕಿತು.

ಅತ್ತೆ ಎಂದರೆ ಅಪ್ಪನ ಅಕ್ಕ. ಹೈಸ್ಕೂಲಿಗೆಂದು ಘಾಟಬೋರಾಳದಿಂದ ಬಸವಕಲ್ಯಾಣದ ಅವಳ ಮನೆಗೆ ಬಂದವಳು ನಾನು. ಕಲಬುರಗಿಯಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೂ ಅಲ್ಲಿಗೇ ಮರಳಿದೆ. ಈಗ ಹುಮನಾಬಾದಿನ ಕಾಲೇಜೊಂದಕ್ಕೆ ಪಾಠ ಮಾಡಲು ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಮಾವ ತೀರಿಕೊಂಡ ಮೇಲೆ ಕುಪ್ಪಸದ ಬಟ್ಟೆಯ ಅಂಗಡಿಯನ್ನು ಅತ್ತೆಯೇ ನಡೆಸುತ್ತಿದ್ದಾಳೆ. ಹೆಂಗಸರು ಸೀರೆ ಹಿಡಿದುಕೊಂಡು ಬರುತ್ತಾರೆ. ಅವಳು ಅಂಚನ್ನು ಬಾಗಿಲ ಬೆಳಕಿಗೆ ಒಡ್ಡಿ ನೋಡಿ, ಹಿಂದಿನ ಗೋಡೆಯ ತುಂಬ ಜೋಡಿಸಿದ ಹಸಿರುಗಳಲ್ಲಿ ಸರಿಯಾದ ಒಂದೇ ಹಸಿರನ್ನು ಎಳೆಯುತ್ತಾಳೆ. ಕಣ್ಣು ಹೋದರೆ ಅವಳಿಂದ ಏನು ಹೋಗುತ್ತದೆ ಎಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೊದಲು ಹನಿ ಔಷಧ ಕೊಟ್ಟರು. ಅದು ಉರಿಯುತ್ತಿತ್ತು, ಕಣ್ಣು ಸದಾ ಕೆಂಪಗಿರುತ್ತಿತ್ತು. ಗಿರಾಕಿಯೊಬ್ಬಳು ಕೌಂಟರಿನ ಮೇಲೆ ಬಾಗಿ ಕೇಳಿದಳು: "ಯಾಕ್ರೀ ಅಕ್ಕೋರ, ಅತ್ತೀರೇನು?"

"ಹೂಂನವ್ವ, ನಿನ್ನ ಸೀರಿ ಬಣ್ಣ ನೋಡಿ."

ಆ ಗಿರಾಕಿ ನಕ್ಕು ಇನ್ನೊಂದು ಕುಪ್ಪಸದ ಬಟ್ಟೆ ಹೆಚ್ಚಿಗೆ ಒಯ್ದಳು. ಆದರೆ ಅತ್ತೆ ಹನಿ ಹಾಕಿಕೊಳ್ಳುವುದನ್ನು ಬೇಕೆಂದೇ ಮರೆಯತೊಡಗಿದಳು. ಒತ್ತಡ ಇಳಿಯಲಿಲ್ಲ. ಆಗ ಹುಮನಾಬಾದಿನ ಡಾಕ್ಟರು ಲೇಸರ್ ಮಾತೆತ್ತಿದರು. ಕತ್ತರಿಸುವುದಿಲ್ಲ, ಹೊಲಿಯುವುದಿಲ್ಲ, ನೀರು ಹೊರಹೋಗುವ ಜಾಗಕ್ಕೆ ಬೆಳಕಿನ ಸಣ್ಣ ಸಣ್ಣ ಏಟು ಕೊಟ್ಟು ಅದನ್ನು ಸಡಿಲಗೊಳಿಸುವುದು, ಅಷ್ಟೇ. ಅದಕ್ಕೂ ಮೊದಲು ದೃಷ್ಟಿ ಎಲ್ಲಿಯವರೆಗೆ ಉಳಿದಿದೆ ಎಂದು ಅಳೆಯಬೇಕಿತ್ತು.

ಅಳೆಯುವ ಯಂತ್ರ ಬಿಳಿಯ ದೊಡ್ಡ ಬೋಗುಣಿಯಂತಿತ್ತು. ಒಂದು ಕಣ್ಣು ಮುಚ್ಚಿ, ಗದ್ದ ಊರಿ, ಅದರೊಳಗೆ ಮುಖವಿಟ್ಟು ಕೂರಬೇಕು. ಕೈಯಲ್ಲಿ ಒಂದು ಗುಂಡಿ. "ಅಮ್ಮಾ, ನಡುವಿನ ಬೆಳಕಽ ನೋಡ್ರಿ. ಅತ್ತಾಗ ಇತ್ತಾಗ ನೋಡಬ್ಯಾಡ್ರಿ. ಬೆಳಕು ಬಂದಾಗ ಬಟನ್ ಒತ್ರಿ" ಎಂದಳು ಪರೀಕ್ಷೆ ಮಾಡುವ ಹುಡುಗಿ.

"ಅದೇನ್ ನಂಗ ಹೊಸಾದಲ್ಲ, ತಗೋ" ಎಂದಳು ಅತ್ತೆ. ಅವಳ ಬೆನ್ನು ನೆಟ್ಟಗಾಯಿತು.

ಹೊರಬಂದ ಚಿತ್ರದಲ್ಲಿ ನಡುವೆ ಒಂದು ಬೆಳ್ಳನೆಯ ಚುಕ್ಕೆ ಬಿಟ್ಟರೆ ಸುತ್ತಲೂ ಕಪ್ಪು. ಕಪ್ಪೆಂದರೆ ದೃಷ್ಟಿ ಹೋದ ಜಾಗ. ಎರಡೂ ಕಣ್ಣಿನದು ಹಾಗೆಯೇ. ಡಾಕ್ಟರು ಅದನ್ನು ಬಹಳ ಹೊತ್ತು ನೋಡಿದರು.

"ನರ ನೋಡಿದ್ರ ಇಷ್ಟು ಹಾಳಾದಂಗ ಕಾಣಂಗಿಲ್ಲ. ಆದ್ರ ಇದು ಖರೆ ಇತ್ತಂದ್ರ ಲೇಸರ್ ಸಾಕಾಗಂಗಿಲ್ರಿ. ಹೈದರಾಬಾದಿಗೆ ಹೋಗಿ ಆಪರೇಶನ್ನೇ ಮಾಡಿಸಬೇಕು. ಮುಂದಿನ ವಾರ ಇನ್ನೊಮ್ಮೆ ಮಾಡಿ ನೋಡೂಣು."

ಆ ವಾರ ನಾನು ಅತ್ತೆಯನ್ನು ಕದ್ದು ನೋಡುತ್ತಲೇ ಕಳೆದೆ. ಸುತ್ತಲೂ ಕಪ್ಪಾಗಿದ್ದರೆ ಹೊಸ್ತಿಲು ಎಡವಬೇಕು, ಬಾಗಿಲ ಅಂಚು ತಾಗಬೇಕು. ಹಾಗೇನೂ ಆಗುತ್ತಿರಲಿಲ್ಲ. ಆದರೆ ತನ್ನದೇ ಮನೆಯಲ್ಲಿ ಯಾರು ಎಡವುತ್ತಾರೆ? ನನಗೆ ಧೈರ್ಯವೂ ಬರಲಿಲ್ಲ, ಭಯವೂ ಹೋಗಲಿಲ್ಲ. ಅವಳು ನಡೆಯುವ ದಾರಿಯಲ್ಲಿದ್ದ ಬೆತ್ತದ ಮೋಡಾವನ್ನು ಗೋಡೆಗೆ ಸರಿಸಿದೆ. ಅವಳು ಅದನ್ನು ಮೊದಲಿದ್ದಲ್ಲಿಗೆ ಎಳೆದುಕೊಂಡು ಕುಳಿತಳು.

ಒಂದು ಬೆಳಿಗ್ಗೆ ಅವಳು ಪೂಜೆಗೆ ಕುಳಿತಿದ್ದಳು. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ಕದಲಿಸದೆ ಅದನ್ನೇ ದಿಟ್ಟಿಸುತ್ತಾರೆ. ಅತ್ತೆ ಚಿಕ್ಕವಳಿದ್ದಾಗಿನಿಂದ ಹಾಗೆ ಕೂರುತ್ತ ಬಂದವಳು. ಹಾಲಿನವನು ಕೂಗಲಿ, ಕುಕ್ಕರ್ ಸೀಟಿ ಹಾಕಲಿ, ತಿರುಗುವುದಿಲ್ಲ. ನಾನು ಬಾಗಿಲಲ್ಲಿ ನಿಂತು, ಅವಳ ಬಲಗಡೆಯಿಂದ, ಮೊದಲು ಮೆಲ್ಲಗೆ ಕೈ ಬೀಸಿದೆ. ಆಮೇಲೆ ಜೋರಾಗಿ. ಎಡಕ್ಕೆ ಹೋಗಿ ಟವೆಲ್ ಕೂಡ ಬೀಸಿದೆ. ಅವಳ ರೆಪ್ಪೆ ಸಹ ಅಲುಗಲಿಲ್ಲ. ಅಡಿಗೆಮನೆಗೆ ಬಂದು, ಒಲೆ ಹಚ್ಚದೆಯೇ ಚಹದ ಪಾತ್ರೆಯನ್ನು ಅದರ ಮೇಲಿಟ್ಟು ನಿಂತೆ.

ಪೂಜೆ ಮುಗಿಸಿ ಅತ್ತೆ ಒಳಗೆ ಬಂದಳು.

"ಏನವಾ, ಮುಂಜಾನೆದ್ದು ಕುಣ್ಯಾಕತ್ತಿದ್ದೆಲ್ಲ? ನೊಣಾ ಹೊಡಿಯಾಕತ್ತಿದ್ದೇನು?"

"ನಿಂಗ ಕಾಣ್ತಿತ್ತಾ?"

"ಕಾಣ್ದಽ ಏನು? ಈ ಕಡಿ ಒಮ್ಮಿ, ಆ ಕಡಿ ಒಮ್ಮಿ. ಆ ಟವೆಲ್ ಮೈಲಿಗಿ ಆಗ್ಯದ, ಒಗಿಯಾಕ ಹಾಕು."

"ಮತ್ತ ಯಾಕ ತಿರುಗಿ ನೋಡ್ಲಿಲ್ಲ?"

"ಪೂಜಾದಾಗ ಕಂಡದ್ದೆಲ್ಲಾ ನೋಡ್ತಾರೇನು?"

ನಾನು ಅವಳ ಕೈ ಹಿಡಿದು ಕೂರಿಸಿದೆ. ಆಸ್ಪತ್ರೆಯ ಯಂತ್ರದಲ್ಲಿ ಸುತ್ತ ಬೆಳಕು ಮಿಂಚುತ್ತಿತ್ತೇ ಎಂದು ಕೇಳಿದೆ.

"ಭಾಳ! ಮಿಣುಕ್ ಮಿಣುಕ್ ಅಂತ, ಮ್ಯಾಲ, ಕೆಳಗ. ಪರೇಶಾನ್ ಮಾಡಾಕತ್ತಿದ್ವು. ನಾ ಒಂದಕ್ಕೂ ಸೋಲಲಿಲ್ಲ. ನಡುವಿನದರ ಹತ್ರ ಬಂದಾಗ ಅಷ್ಟಽ ಒತ್ತಿದೆ." ಅವಳ ಮುಖದಲ್ಲಿ ಪಾಸಾದವರ ಸಂತೋಷವಿತ್ತು. "ಯಾಕ, ಆ ಹುಡುಗಿ ಏನರ ಅಂದ್ಳೇನು?"

ನಾನು ಸಾಮಾನ್ಯವಾಗಿ ಯಾರ ಮುಂದೆಯೂ ಅಳುವವಳಲ್ಲ. ಅವತ್ತು ನಗುತ್ತಿದ್ದೇನೆಂದುಕೊಂಡೆ, ಅತ್ತೆ ಸೆರಗಿನಿಂದ ನನ್ನ ಕೆನ್ನೆ ಒರೆಸಿದಾಗ ಅಳುತ್ತಿದ್ದೇನೆಂದು ಗೊತ್ತಾಯಿತು.

ಎರಡನೆಯ ಪರೀಕ್ಷೆಗೆ ಕೂರಿಸುವುದು ಮಾತ್ರ ಸುಲಭವಾಗಲಿಲ್ಲ. ಸುತ್ತಿನ ಬೆಳಕಿಗೂ ಒತ್ತಬೇಕೆಂಬುದು ಅವಳಿಗೆ ಸರಿ ಅನ್ನಿಸಲೇ ಇಲ್ಲ.

"ನಡುವಿಂದ ಬಿಟ್ಟು ನೋಡಬ್ಯಾಡ ಅಂತೀರಿ. ಸುತ್ತಿನದಕ್ಕ ಒತ್ತು ಅಂತೀರಿ. ಚಿತ್ತ ಅತ್ತಾಗ ಹೋಗಲಾರದ ಹ್ಯಾಂಗ ಒತ್ಲಿ?"

ಪರೀಕ್ಷೆಯ ಹುಡುಗಿ ನನ್ನ ಕಡೆ ನೋಡಿದಳು. ನಾನು, "ಅತ್ತಿ, ನೋಡಬ್ಯಾಡ. ಕಂಡದ್ದಕ್ಕ ಒತ್ತು" ಎಂದೆ.

ಅವಳು ನನ್ನ ಕಡೆ ತಿರುಗಿದಳು. "ಅಂದ್ರ ಅಂಗಡ್ಯಾಗ ಕುಂತಂಗ. ಕೈಯಾಗಿನ ಸೀರಿ ನೋಡ್ಕೋತಽ ಬಾಗಲಾಗ ಯಾರ್ ಬಂದ್ರು ಯಾರ್ ಹೋದ್ರು ಅಂತ ಕಾಣೂದು."

"ಹೌದು, ಬರೋಬರ್ ಹಂಗಽ."

"ಮೊದಲಽ ಹೇಳಬಾರದೇನು! ನೀವು ನನ್ನ ಪೂಜಾಕ್ಕ ಕುಂದರ್ಸಿದ್ರಿ."

ಆ ಬಾರಿಯ ಚಿತ್ರ ಬೆಳ್ಳಗಿತ್ತು. ಬಲಗಣ್ಣಿನದರಲ್ಲಿ ಮಾತ್ರ ಮೂಗಿನ ಕಡೆ, ಮೇಲ್ಗಡೆ, ಒಂದು ಕರಿಯ ತುಣುಕು. ಅದು ನಿಜವಾಗಿ ಹೋದದ್ದು. ಡಾಕ್ಟರು ಪೆನ್ನಿನಿಂದ ಅದರ ಸುತ್ತ ಗೆರೆ ಎಳೆದು, "ಇಲ್ಲೇ ತಡೀಬೇಕು. ಲೇಸರ್ ಮಾಡೂಣು" ಎಂದರು. ಹೈದರಾಬಾದಿನ ಮಾತು ಮತ್ತೆ ಬರಲಿಲ್ಲ.

ಲೇಸರ್ ಆದದ್ದು ಅದೇ ತಿಂಗಳು. ಕಣ್ಣು ಜೋಮುಗಟ್ಟುವ ಹನಿ ಹಾಕಿದರು, ಸಣ್ಣ ಮಸೂರವೊಂದನ್ನು ಕಣ್ಣಿಗೆ ಒತ್ತಿ ಹಿಡಿದರು. ಪಕ್ಕದಲ್ಲಿ ನಿಲ್ಲಲು ನನಗೆ ಕನ್ನಡಕ ಕೊಟ್ಟರು. ಹಸಿರು ಬೆಳಕು ಚಿಟಿಕೆ ಹೊಡೆದಂತೆ ಬಂದು ಹೋಗುತ್ತಿತ್ತು, ಪ್ರತಿ ಸಲ ಯಂತ್ರ ಟಿಕ್ ಎನ್ನುತ್ತಿತ್ತು. ಅತ್ತೆಯ ಬಲಗೈ ನನ್ನ ಕೈಯಲ್ಲಿತ್ತು. ಟಿಕ್ ಎಂದಾಗಲೆಲ್ಲ ಅವಳ ಹೆಬ್ಬೆರಳು ನನ್ನ ಅಂಗೈಯನ್ನು ಒತ್ತುತ್ತಿತ್ತು. ನೋವಾಗುತ್ತಿದೆಯೇನೋ ಎಂದು ಬಾಗಿ ಕೇಳಿದೆ.

"ಇಲ್ಲ. ಒಂದೂ ಬಿಟ್ಟಿಲ್ಲ, ಎಲ್ಲಾದಕ್ಕೂ ಒತ್ತಾಕತ್ತೇನಿ" ಎಂದಳು ಪಿಸುಮಾತಿನಲ್ಲಿ. ಇದಕ್ಕೆ ಒತ್ತಬೇಕಿಲ್ಲ ಎಂದು ನಾನು ಹೇಳಲಿಲ್ಲ. ಚಹ ಕುಡಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಪರಿಣಾಮ ತಿಳಿಯಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಹನಿ ಬಿಡಬಾರದು ಎಂದಿದ್ದರು. ಪಕ್ಕದ ಬಳೆ ಅಂಗಡಿಯವಳು ಮರುದಿನವೇ ಬಂದಳು.

"ಲೇಸರ್ ಆತಲ್ರೀ, ಈಗ ಛಂದ ಕಾಣ್ತದೇನ್ರಿ?"

"ಮೊದಲಿನಂಗಽ ಕಾಣ್ತದ."

"ಮತ್ತೇನು ಫಾಯ್ದಾ ಆತ್ರೀ?"

"ಅದಽ ಫಾಯ್ದಾ, ಮೊದಲಿನಂಗಽ ಕಾಣೂದು. ಬಾ, ಕೂಡು."

ಮರುತಪಾಸಣೆಯ ದಿನ ನಾನು ಮಧ್ಯಾಹ್ನದ ಕ್ಲಾಸು ಬಿಟ್ಟು ಆಸ್ಪತ್ರೆಗೆ ಹೋದೆ, ಅತ್ತೆ ಅಲ್ಲಿಗೇ ಬಂದಿದ್ದಳು. ಒತ್ತಡ ಇಳಿದಿತ್ತು. ಉರಿಯುವ ಹನಿಯನ್ನು ಡಾಕ್ಟರು ನಿಲ್ಲಿಸಿದರು. ಆದರೆ ಇದು ಶಾಶ್ವತವೆಂದುಕೊಳ್ಳಬೇಡಿ, ವರ್ಷಗಳ ಮೇಲೆ ಇದರ ಗುಣ ಕಮ್ಮಿಯಾಗಬಹುದು, ಮತ್ತೆ ಮಾಡಬೇಕಾಗಬಹುದು, ತೋರಿಸುತ್ತ ಇರಬೇಕು ಎಂದೂ ಹೇಳಿದರು. ಅತ್ತೆ ತಲೆಯಾಡಿಸಿ, ಹೋದ ತುಣುಕು ಬರುತ್ತದೆಯೇ ಎಂದು ಕೇಳಿದಳು. ಇಲ್ಲ ಎಂದರು.

ಬಸವಕಲ್ಯಾಣದ ಬಸ್ಸಿಗೆ ಕಾಯುವಾಗ ಅವಳು, "ಆ ತುಣುಕು ಎಲ್ಲದ ತೋರ್ಸು" ಎಂದಳು.

ಬಸ್‌ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ನಾನು ಅವಳಿಗೆ ಎದುರಾಗಿ ಕುಳಿತೆ. ಎಡಗಣ್ಣು ಮುಚ್ಚಿ ನನ್ನ ಮೂಗನ್ನೇ ನೋಡು ಎಂದು ಹೇಳಿ, ಕಿರುಬೆರಳನ್ನು ಅವಳ ಮೂಗಿನ ಕಡೆಯಿಂದ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸರಿಸಿದೆ. ಜನ ನೋಡುತ್ತಿದ್ದರು. ನನಗೆ ಸಂಕೋಚವಾಯಿತು, ಆದರೂ ನಿಲ್ಲಿಸಲಿಲ್ಲ.

"ಅದ... ಅದ... ಹೋತು." ಅವಳು ಉಸಿರು ಬಿಗಿಹಿಡಿದಳು. "ಕರ‍್ರಗ ಏನಿಲ್ಲಲ್ಲ? ಹಿಂದಿನ ಗ್ವಾಡಿ ಕಾಣ್ತದ. ನಿನ್ನ ಬೆರಳು ಒಂದಽ ಕಾಣಂಗಿಲ್ಲ."

ಎಡಗಣ್ಣಿನ ಮೇಲಿದ್ದ ಕೈ ತೆಗೆದಳು. "ಬಂತು." ಮತ್ತೆ ಮುಚ್ಚಿದಳು, ತೆಗೆದಳು. ಮತ್ತೆ ಮುಚ್ಚಿದಳು. ಬಸ್ಸು ಬಂದು ನಿಂತು, ಕಂಡಕ್ಟರು ಊರ ಹೆಸರು ಕೂಗತೊಡಗಿದರೂ ಅವಳು ಆಟ ಬಿಡಲಿಲ್ಲ.

"ಇಷ್ಟಽ ಏನು?" ಎಂದಳು ಏಳುತ್ತ.

"ಇಷ್ಟೇ."

"ಇಷ್ಟರಾಗಽ ಇಡೂಣು. ಮುಂದಿಂದು ಯಾವಾಗ ಬಾ ಅಂದಾರ?"

ಶ್ರಾವಣ ಮುಗಿದ ಮೇಲೆ ಎಂದೆ.

"ನಿಂಗ ಹೇಳಿದ್ರ ಮರೀತೀ, ಕಾಲೇಜು ಕಾಲೇಜು ಅಂತಿ. ನಾನಽ ನೆನಪು ಮಾಡ್ತೇನಿ" ಎಂದು ನಾನು ಹಿಡಿದಿದ್ದ ಕೈ ಬಿಡಿಸಿಕೊಂಡು ಮುಂದೆ ನಡೆದು, ನನಗಿಂತ ಮೊದಲು ಬಸ್ಸು ಹತ್ತಿ, ಕಿಟಕಿಯ ಸೀಟು ಹಿಡಿದಳು.