ಯಿಡ್ಡಿಶ್ ರೇಡಿಯೊದವನ ಮೌನ

ನನ್ನ ಹೆಂಡತಿಯನ್ನು ನಗಿಸಿದ ಆ ಮನುಷ್ಯನನ್ನು ನಾನು ಇಂದಿಗೂ ಪೂರ್ತಿಯಾಗಿ ಕ್ಷಮಿಸಿಲ್ಲ. ಅವನು ಸತ್ತು ಎಷ್ಟೋ ಕಾಲವಾಗಿತ್ತು. ಅವನ ಭಾಷೆಯ ಒಂದಕ್ಷರವೂ ಅವಳಿಗೆ ತಿಳಿಯುತ್ತಿರಲಿಲ್ಲ. ಇವೆರಡೂ ನನ್ನ ಹೊಟ್ಟೆಯುರಿಯನ್ನು ಕಡಿಮೆ ಮಾಡಲಿಲ್ಲ.

ತೆಲುಗು ಸೀಮೆಯ ಮಾದಾಪುರದ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಏಳುತ್ತಿದ್ದ ವರ್ಷಗಳವು. ಹೊರದೇಶದ ಹಳೆಯ ಧ್ವನಿಮುದ್ರಣಗಳಿಂದ ಕರಕರ ಸದ್ದು ತೆಗೆದು ಶುದ್ಧಗೊಳಿಸುವ ಅಲ್ಲಿನ ಒಂದು ಕಚೇರಿಯಲ್ಲಿ ನಮ್ಮ ಮಗಳಿಗೆ ಕೆಲಸ. ಒಮ್ಮೆ ಅಮೆರಿಕದ ಯಿಡ್ಡಿಶ್ ರೇಡಿಯೊದ ಕಾರ್ಯಕ್ರಮಗಳು ಬಂದವು. ಯಿಡ್ಡಿಶ್ ಎಂದರೆ ಯುರೋಪಿನಿಂದ ವಲಸೆ ಹೋದ ಯಹೂದಿಗಳ ಮನೆಮಾತು. ಬಾಗಿಲ ಒಳಗೆ ಅದು, ಹೊರಗೆ ಇಂಗ್ಲಿಷ್. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಹಿಂದಿ ಆಡುವ ನಮಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಕೇಳುಗರು ತಮ್ಮ ಸಂಸಾರದ ತಾಪತ್ರಯಗಳನ್ನು ಬರೆದು ಕಳಿಸುತ್ತಿದ್ದರು. ಕಾರ್ಯಕ್ರಮ ನಡೆಸುತ್ತಿದ್ದ ಆ ಮನುಷ್ಯ ಅವನ್ನು ಓದಿ, ತಮಾಷೆ ಬೆರೆಸಿ ಬುದ್ಧಿ ಹೇಳುತ್ತಿದ್ದ. ಮಗಳು ಕಚೇರಿಯವರನ್ನು ಕೇಳಿ ಒಂದು ಪ್ರತಿ ಮನೆಗೆ ತಂದಳು. ಜೊತೆಗಿದ್ದ ಇಂಗ್ಲಿಷ್ ಅನುವಾದವನ್ನು ಓದಿ ತಾಯಿಗೆ ಕನ್ನಡದಲ್ಲಿ ಹೇಳಿದಳು.

ತಾನು ಮಾತು ಮುಗಿಸುವ ಮೊದಲೇ ಗಂಡ ಉತ್ತರ ಕೊಡುತ್ತಾನೆ, ಏನು ಮಾಡಲಿ ಎಂದು ಒಬ್ಬ ಹೆಂಗಸು ಕೇಳಿದ್ದಳು. ಪತ್ರ ಓದಿ ಅವನು ಸುಮ್ಮನಾದ. ಬರೀ ಕರಕರ. ಕಂಪ್ಯೂಟರ್ ಕೆಟ್ಟಿತೆಂದು ನಾನು ಏಳಬೇಕೆನ್ನುವಷ್ಟರಲ್ಲಿ ಅವನು ಮೆಲ್ಲಗೆ, “ಮುಗೀತೇನಮ್ಮಾ?” ಎಂದ. ನನ್ನವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು.

ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಕ್ವಾರ್ಟರ್ಸಿನ ಕನ್ನಡದ ಮನೆಗಳವರು ತಮ್ಮ ಜಗಳಗಳನ್ನು ನನ್ನ ಬಳಿಗೇ ತರುತ್ತಿದ್ದರು. ಹಳೆಯ ಪುಸ್ತಕಗಳನ್ನು ಕೊಂಡು ಕಾನೂನನ್ನೂ ವೈದ್ಯವನ್ನೂ ನಾನಾಗಿಯೇ ಓದಿಕೊಂಡವನು ನಾನು. ಅವರಿಗೆಲ್ಲ ಚಹಾ ತಂದಿಡುತ್ತಿದ್ದ ಇವಳು ನನ್ನ ಸಲಹೆಗೆ ಒಮ್ಮೆಯಾದರೂ ನಕ್ಕ ನೆನಪಿಲ್ಲ.

ಅವನು ಎಷ್ಟೋ ಸಂಸಾರಗಳನ್ನು ಉಳಿಸಿದನೆಂದು ಪ್ರತಿಯ ಜೊತೆ ಬಂದ ಟಿಪ್ಪಣಿ ಹೇಳುತ್ತಿತ್ತು. ಉಳಿದದ್ದನ್ನು ಕಂಡವರು ಯಾರು? ಮೋಸ ಹಿಡಿಯಲೆಂದು ಮತ್ತೆ ಮತ್ತೆ ಕೇಳಿದೆ. ಕಾಗದ ಬಿಚ್ಚುವ ಸದ್ದೇ ಇಲ್ಲ, ಪತ್ರಗಳನ್ನು ಅವನೇ ಕಟ್ಟಿದ್ದಾನೆ ಎಂದು ತೀರ್ಪು ಕೊಟ್ಟೆ.

“ಪತ್ರ ಯಾರರ ಬರೀಲಿ,” ಎಂದಳು ಹೆಂಡತಿ. “ಅಂವ ಕೇಳಿಸ್ಕೋತಾನ. ನೀವು ಹೇಳ್ತೀರಿ.”

ಕೆಲವು ದಿನಗಳ ನಂತರ ಮಗಳು ಹಳೆಯ ಪ್ರತಿಯನ್ನು ಹಿಂತಿರುಗಿಸಿ, ಶುದ್ಧಗೊಳಿಸಿದ್ದನ್ನು ತಂದಳು. ದನಿ ಪಕ್ಕದ ಕೋಣೆಯಿಂದ ಬಂದಂತಿತ್ತು. ಹೆಂಡತಿ ನಗುವುದಕ್ಕೆ ಸಿದ್ಧಳಾಗಿ ಕುಳಿತಳು. ನಗಲಿಲ್ಲ.

“ಅಂವಲ್ಲ ಇಂವ,” ಎಂದು ಎದ್ದು, ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಒಳಗೆ ಹೋದಳು.

ಏನಾಗಿದೆಯೆಂದು ನನಗೆ ಗೊತ್ತಾಗಿತ್ತು. ದನಿಯಿಲ್ಲದ ಭಾಗವನ್ನು ಮುದ್ರಣದ ದೋಷವೆಂದು ಕತ್ತರಿಸಿ ಹಾಕುವುದು ಆ ಕಚೇರಿಯ ಪದ್ಧತಿ. ಕರಕರ ತೆಗೆದ ಮೇಲೆ ಅವನ ಮೌನವೂ ಖಾಲಿ ಜಾಗವಾಗಿ ಕಂಡಿತ್ತು, ಕತ್ತರಿಸಿದ್ದರು. ಮನೆಯಲ್ಲಿ ಅದನ್ನು ಬಾಯಿಪಾಠ ಮಾಡಿಕೊಂಡವನು, ಮೋಸ ಹಿಡಿಯ ಹೊರಟಿದ್ದ ನಾನೊಬ್ಬನೇ. ಮರುದಿನ ಅದು ಅಮೆರಿಕಕ್ಕೆ ಹೋಗುವುದಿತ್ತು. ನಾನು ಬಾಯಿ ಬಿಡದಿದ್ದರೆ ಅವನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಊಟದವರೆಗೆ ಆ ಸುಖವನ್ನು ಅನುಭವಿಸಿದೆ. ಹೆಂಡತಿ ಮುಖ ಬಾಡಿಸಿಕೊಂಡು ರೊಟ್ಟಿ ಬಡಿಸಿದಳು. ನಾನು ತಟ್ಟೆ ಸರಿಸಿದೆ.

“ಪತ್ರ ಓದಿದ ಮ್ಯಾಲೆ ಅಂವ ಸುಮ್ಮನಿದ್ದ. ಅದನ್ನ ಕತ್ತರಿಸೀರಿ ನೀವು,” ಎಂದೆ ಮಗಳಿಗೆ. “ತಿರುಗಿ ಹಾಕ್ರಿ.”

“ಅಪ್ಪಾ, ನಿಮಗ ಅಂವ ಸೇರೂದಿಲ್ಲಲ್ಲ?”

“ಸೇರೂದಿಲ್ಲ. ಹಾಕು.”

ಮರುದಿನ ಕಳಿಸುವ ಮೊದಲು ಕಚೇರಿಯಲ್ಲಿ ಹಾಕಿಸಿ, ಸಂಜೆ ಒಂದು ಪ್ರತಿ ಮನೆಗೆ ತಂದಳು. ಹೆಂಡತಿಯ ಸೆರಗು ಮತ್ತೆ ಕಣ್ಣಿಗೆ ಹೋಯಿತು.

ಅದರ ಮರುದಿನ ಹೆಂಡತಿ ಪುಂಡಿಪಲ್ಯದ ಸೊಪ್ಪು ಸೋಸುತ್ತಾ ಪಕ್ಕದ ಮನೆಯ ನೀರಿನ ಜಗಳ ಹೇಳತೊಡಗಿದಳು. ನನ್ನ ಬಳಿ ಪರಿಹಾರ ಸಿದ್ಧವಿತ್ತು, ನುಂಗಿಕೊಂಡೆ. ಅವಳು ಮುಗಿಸಿದ ಮೇಲೂ ಸುಮ್ಮನೆ ಕುಳಿತೆ. ಅವಳು ಸೊಪ್ಪಿನಿಂದ ತಲೆಯೆತ್ತಿ ನನ್ನನ್ನು ನೋಡಿದಳು.

“ಯಾಕ್ರಿ, ನಿದ್ದಿ ಬಂತೇನು?”

ರೇಡಿಯೊದವನನ್ನು ಮಾತ್ರ ಅವಳು ಒಮ್ಮೆಯೂ ಹಾಗೆ ಕೇಳಿರಲಿಲ್ಲ.