ಹುಳಿಮಣ್ಣಿನ ಜಾಡಿ ತೊಳೆಯುವ ಅಹಲ್ಯಾ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೋಲ್ಕತ್ತದ ಮಣ್ಣು ಪ್ರಯೋಗಾಲಯವೊಂದರಲ್ಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಹಲ್ಯಾ ಗಾಜಿನ ಜಾಡಿ ತೊಳೆಯುತ್ತಿದ್ದಾರೆ. ತೊಳೆದದ್ದನ್ನೇ ಮತ್ತೆ ತೊಳೆದು, ಕೊನೆಯ ನೀರಿಗೆ ಲಿಟ್ಮಸ್ ಕಾಗದ ಅದ್ದಿ ಬಣ್ಣ ನೋಡುತ್ತಾರೆ. "ನನ್ನ ಬಗ್ಗೆ ಏನ್ ಬರೀತೀರಿ ಬಿಡ್ರಿ," ಎಂದು ಮುಖ ತಿರುಗಿಸುತ್ತಾರೆ. "ಬರಿಯೋ ಅಂಥಾ ಕೆಲಸ ಮಾಡೇನೇನು ನಾ?"

ಧಾರವಾಡದ ಹೆಣ್ಣುಮಗಳು. ಇಲ್ಲಿನ ಖಿದಿರ್‌ಪುರದ ಬಂದರಿನಲ್ಲಿ ನೌಕರಿಗಿದ್ದ ಗಂಡ ಹೊನ್ನಪ್ಪ ಕಾಲಿಗೆ ಪೆಟ್ಟಾಗಿ ಮನೆ ಸೇರಿದ ಮೇಲೆ, ಇವರು ನಗರದ ಬೆಹಾಲಾದಿಂದ ಮೊದಲ ಬಸ್ಸು ಹಿಡಿದು ಕೆಲಸಕ್ಕೆ ಬರುತ್ತಾರೆ. ದಿನಕ್ಕೆ ನೂರರ ಮೇಲೆ ಜಾಡಿ. ಬೆರಳ ಸಂದಿಗಳು ಬಿರಿದಿವೆ.

ಜಾಡಿಗಳಲ್ಲಿ ತುಂಬುವುದು ಪೀಟ್. ಸಾವಿರಾರು ವರ್ಷ ನೀರಿನಡಿ ಪೂರ್ತಿ ಕೊಳೆಯದೆ ಉಳಿದ ಗಿಡಗಂಟಿಗಳ ಕಪ್ಪು ಮಣ್ಣು. ಹುಳಿ ಹೆಚ್ಚಿದ್ದರೆ ಅದರೊಳಗಿನ ಸೂಕ್ಷ್ಮಜೀವಿಗಳು ಮಂದವಾಗಿರುತ್ತವೆ, ಇಂಗಾಲ ಮಣ್ಣಲ್ಲೇ ಉಳಿಯುತ್ತದೆ. ಹುಳಿ ತಗ್ಗಿದರೆ ಅವು ಚುರುಕಾಗಿ ಮಣ್ಣನ್ನು ತಿಂದು ಇಂಗಾಲವನ್ನು ಅನಿಲವಾಗಿ ಗಾಳಿಗೆ ಬಿಡುತ್ತವೆ. ಎಷ್ಟು ಬಿಡುತ್ತವೆಂದು ಅಳೆಯುತ್ತಿರುವವರು ಮೈಸೂರಿನ ಸಂಶೋಧಕಿ ನಿಹಾರಿಕಾ. ಹುಳಿ ತಗ್ಗಿಸಲು ಅರ್ಧ ಜಾಡಿಗಳಿಗೆ ಸುಣ್ಣ ಬೆರೆಸುತ್ತಾರೆ, ಉಳಿದವು ಹುಳಿಯಾಗಿಯೇ ಇರಬೇಕು.

ಹೋದ ಚಳಿಗಾಲದಲ್ಲಿ ಹುಳಿ ಜಾಡಿಗಳೂ ಸುಣ್ಣದವುಗಳಷ್ಟೇ ಅನಿಲ ಬಿಟ್ಟವು. ನಿಹಾರಿಕಾ ತಮ್ಮ ಅಳತೆಯನ್ನೇ ಅನುಮಾನಿಸಿ ಊಟ ಬಿಟ್ಟು ಕೂತಾಗ ಅಹಲ್ಯಾ ಅವರಿಗೆ ತಮ್ಮ ತಪ್ಪು ಹೊಳೆಯಿತು. ಕಲೆ ಹೋಗಲೆಂದು ತಾವು ಜಾಡಿಗಳಿಗೆ ವಾಷಿಂಗ್ ಸೋಡಾ ಹಾಕಿದ ದಿನ ನಲ್ಲಿಯ ನೀರು ನಿಂತಿತ್ತು. ಸರಿಯಾಗಿ ಜಾಲಿಸದೆ ಹಾಗೆಯೇ ಒಣಗಿಸಿಟ್ಟಿದ್ದರು. ಸುಣ್ಣದ ಕೆಲಸವನ್ನೇ ಸೋಡಾ ಮಾಡಿತ್ತು.

"ಕೆಲಸ ಹೋದೀತು ಅಂತ ಎರಡು ದಿನ ಬಾಯಿ ಬಿಡ್ಲಿಲ್ರಿ. ಆ ಹುಡುಗಿ ತನ್ನನ್ನ ತಾನ ಬೈಕೊಳ್ಳೋದು ನೋಡಿ ತಡಕೊಳ್ಳಾಕ ಆಗ್ಲಿಲ್ಲ."

ಕೇಳಿದ ನಿಹಾರಿಕಾ ಹಳೆಯ ಲೆಕ್ಕದ ಹಾಳೆಗಳನ್ನು ಮಡಚಿಟ್ಟರು. ಆರು ತಿಂಗಳ ದುಡಿಮೆ ನೀರುಪಾಲಾಗಿತ್ತು. ಬಳಿಕ, "ಮೊದಲಿಂದ ಶುರು ಮಾಡೋಣ ಅಹಲ್ಯಕ್ಕ. ಜಾಡಿ ನೀವೇ ತೊಳ್ಕೊಡಿ" ಎಂದರಷ್ಟೆ.

"ಬೈದಿದ್ರ ಹಗುರಾಗ್ತಿತ್ತು," ಎನ್ನುತ್ತಾರೆ ಅಹಲ್ಯಾ.

ಈಗ ಹೊಸ ಜಾಡಿಗಳ ಸಾಲು. ಹುಳಿಯವು ಈ ಸಲ ತೀರ ಕಡಿಮೆ ಅನಿಲ ಬಿಡುತ್ತಿವೆ. ನಿಹಾರಿಕಾ ಅವರ ಸಂಶೋಧನಾ ಪ್ರಬಂಧದಲ್ಲಿ ಕೃತಜ್ಞತೆ ಹೇಳುವವರ ಪಟ್ಟಿಯಲ್ಲಿ ಅಹಲ್ಯಾ ಹೆಸರೂ ಬರಲಿದೆಯಂತೆ. ಅದನ್ನು ಹೇಳುವಾಗಲೂ ಅವರು ನೆಲ ನೋಡುತ್ತಾರೆ.

"ಹೆಸರು ಹಾಕೋದಾದ್ರ ನನ್ನ ತಪ್ಪನ್ನೂ ಹಾಕ್ರಿ ಅಂದೇನಿ. ಮುಂದ ಜಾಡಿ ತೊಳಿಯೋರಿಗೆ ಅದಾದ್ರೂ ಉಪಯೋಗಕ್ಕ ಬರಲಿ."