ಅಂಗೈಯಗಲದ ಪುಸ್ತಕ

ಜಾನ್ಸನ್‌ವಿಲ್ ಸ್ಟೇಷನ್ನಿನ ಗಾಳಿಯಲ್ಲಿ ದೊಡ್ಡ ಪುಸ್ತಕ ಬಿಚ್ಚುವ ಹಾಗೇ ಇಲ್ಲ. ಕೋಟಿನ ಜೇಬಿನಿಂದ ಅಂಗೈಯಗಲದ ಕನ್ನಡ ಕಥೆಪುಸ್ತಕ ತೆಗೆದು, ಹಾಳೆಯನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಓದುತ್ತಿದ್ದೆ. ಪಕ್ಕದಲ್ಲಿ ನನಗೆ ಮನೆಯಲ್ಲಿ ಜಾಗ ಕೊಟ್ಟಿದ್ದ ಧಾರವಾಡದ ನರ್ಸ್ ನಸೀಮಾ, ಅವಳ ಮಗಳು ಸನಾ. ಈ ಪರದೇಶದಲ್ಲೇ ಹುಟ್ಟಿದ ಸನಾಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಮ್ಮ ಅಕ್ಷರವನ್ನೂ ಕಲಿಸಿದ್ದಾಳೆ. ಆದರೆ ದಪ್ಪ ಕನ್ನಡ ಪುಸ್ತಕ ಕಂಡರೆ ಹುಡುಗಿ ಓಡಿಹೋಗುತ್ತಾಳಂತೆ.

"ಆಂಟಿ, ಇಸ್ ಇಟ್ ಎ ಕಿಡ್ಸ್ ಬುಕ್?" ಎಂದಳು. ಗಾತ್ರ ನೋಡಿ ಹಾಗಂದುಕೊಂಡಿರಬೇಕು. ನಾನು ತಿದ್ದಲಿಲ್ಲ, ಕೊಟ್ಟೆ.

ಅವಳೂ ಹೆಬ್ಬೆರಳು ಒತ್ತಿ ಶುರುಮಾಡಿದಳು: "ಬೆ... ಕ್ಕು... ಮ... ನೆ... ಗೆ..."

ರೈಲು ಹೊರಡುವ ಹೊತ್ತಾಯಿತು. ನಾನು ಎದ್ದೆ. ನಸೀಮಾ ನನ್ನ ತೋಳು ಹಿಡಿದು ಪಿಸುಗುಟ್ಟಿದಳು: "ಸುಮ್ಮ ಕುಂದರ್ರಿ ಅಕ್ಕಾ. ಮುಂದಿನ ಗಾಡಿಗೆ ಹೋದ್ರಾತು."